ತಗಡಿನ ಅರಮನೆಯ ಹಿಮಕರಡಿಗಳು

ಜೆರ್ಸಿಯ ಮೇಲೆ ಹಿಮಕರಡಿಯ ಮುಖ. ಟಿಕೆಟ್ ಮೇಲೆ ‘ಐಸ್‌ಬೇರೆನ್ ಬರ್ಲಿನ್’ ಅನ್ನುವ ಹೆಸರು. ಐಸ್‌ಬೇರೆನ್ ಅಂದರೆ ಜರ್ಮನ್ ಭಾಷೆಯಲ್ಲಿ ಹಿಮಕರಡಿಗಳು. ಇಷ್ಟು ನನಗೆ ಗೊತ್ತಿತ್ತು. ಆದರೆ ನನ್ನ ಸುತ್ತ ನಿಂತವರು ಕೂಗುತ್ತಿದ್ದ ಹೆಸರೇ ಬೇರೆ. ‘ದಿನಾಮೋ! ದಿನಾಮೋ!’ ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜನನ್ನು ನೋಡಿದೆ. ಅವರೂ ಅದನ್ನೇ ಕೂಗುತ್ತಿದ್ದರು.

ಈ ಅಜ್ಜ ನಮ್ಮ ಕೆಳಗಿನ ಮನೆಯವರು. ಟ್ರಾಮ್ ಶೆಡ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಕೆಲಸಕ್ಕೆ ಅಂತ ಬರ್ಲಿನ್‌ಗೆ ಬಂದ ಮೊದಲ ಚಳಿಗಾಲ ಅದು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಮಾತಾಡಲು ಜನವಿಲ್ಲ. ಅಜ್ಜನ ಹೆಂಡತಿಗೆ ಮೊಣಕಾಲು ನೋವು, ಅವರ ಟಿಕೆಟ್ ಸುಮ್ನೆ ಹಾಳಾಗುತ್ತಿತ್ತು. ‘ಬರ್ತೀರಾ?’ ಅಂದರು. ಹೋದೆ. ಆಟ ನೋಡುವ ಆಸೆಗಿಂತ, ಮನೆಯೊಳಗೆ ಕೂತು ಕೂತು ಬೇಜಾರಾಗಿತ್ತು ಅನ್ನುವುದೇ ನಿಜ.

ಐಸ್ ಹಾಕಿಯನ್ನು ಟಿವಿಯಲ್ಲಿ ನೋಡಿದರೆ ಏನೂ ಅರ್ಥವಾಗುವುದಿಲ್ಲ. ಬಿಲ್ಲೆ ಕಾಣುವುದೇ ಇಲ್ಲ. ಹೌದು, ಚೆಂಡಲ್ಲ, ಗಟ್ಟಿ ರಬ್ಬರಿನ ಬಿಲ್ಲೆ, ಪಕ್ ಅಂತಾರೆ. ಎದುರು ನಿಂತು ನೋಡಿದಾಗ ಕಣ್ಣಿಗಿಂತ ಮೊದಲು ಕಿವಿಗೆ ಆಟ ಗೊತ್ತಾಗುತ್ತದೆ. ಸ್ಕೇಟ್ಸ್‌ನ ಅಲಗು ಐಸನ್ನು ಕೆರೆಯುವ ಕರ್ ಕರ್ ಸದ್ದು. ಬಿಲ್ಲೆ ಸುತ್ತಲಿನ ಹಲಗೆ ಬೇಲಿಗೆ ಬಡಿದಾಗ ಖಾಲಿ ಡ್ರಮ್ಮಿಗೆ ಕಲ್ಲು ಹೊಡೆದ ಸದ್ದು. ಗೋಲಿ, ಅಂದರೆ ಗೋಲ್‌ಕೀಪರ್, ಸೇರಿ ಒಂದು ತಂಡಕ್ಕೆ ಆರು ಜನ ಆಡುತ್ತಾರೆ, ಇಪ್ಪತ್ತು ನಿಮಿಷದ ಮೂರು ಭಾಗ. ಒಬ್ಬ ಆಟಗಾರ ಒಂದು ಸಲಕ್ಕೆ ಐಸ್ ಮೇಲಿರುವುದು ಹೆಚ್ಚೆಂದರೆ ಮುಕ್ಕಾಲು ನಿಮಿಷ, ಒಂದು ನಿಮಿಷ. ಅಷ್ಟರಲ್ಲಿ ಉಸಿರು ಖಾಲಿ. ಹಲಗೆ ಹಾರಿ ಬಂದು ಕೂರುತ್ತಾನೆ, ಇನ್ನೊಬ್ಬ ಹಾರಿ ಹೋಗುತ್ತಾನೆ. ಆಟ ನಿಲ್ಲುವುದೇ ಇಲ್ಲ. ಕ್ರಿಕೆಟ್ ನೋಡಿ ಬೆಳೆದ ನನಗೆ ಮೊದಲ ಹತ್ತು ನಿಮಿಷ ತಲೆ ಸುತ್ತಿತು.

ಹೊರಗೆ ಬಂದಾಗ ಅಜ್ಜನನ್ನು ಕೇಳಿದೆ. ‘ತಂಡದ ಹೆಸರು ಐಸ್‌ಬೇರೆನ್ ಅಲ್ವಾ? ಮತ್ತೆ ದಿನಾಮೋ ಯಾಕೆ?’

ಅವರು ನಕ್ಕರು. ‘ಒಂದು ಭಾನುವಾರ ಬಿಡುವು ಮಾಡ್ಕೊಳ್ಳಿ’ ಅಂದರು.

*

ಆ ಭಾನುವಾರ ಅವರು ಕರೆದುಕೊಂಡು ಹೋಗಿದ್ದು ಹೋಹೆನ್‌ಶೋನ್‌ಹೌಸೆನ್‌ಗೆ. ಪೂರ್ವ ಬರ್ಲಿನ್‌ನ ಬಡಾವಣೆ. ಈಗಿನ ದೊಡ್ಡ ಅರೀನಾ ಇರುವುದು ವಾರ್ಶೌವರ್ ಸ್ಟ್ರಾಸೆ ನಿಲ್ದಾಣದ ಹತ್ತಿರ. ಅಲ್ಲಿಂದ ಹೊರಡುವ ಎಂ13 ಟ್ರಾಮ್ ಹತ್ತಿದರೆ ತಂಡದ ಹಳೆಯ ಮನೆಯ ಹತ್ತಿರ ಇಳಿಯಬಹುದು. ಹೊಸ ಮನೆ, ಹಳೆ ಮನೆ, ಎರಡಕ್ಕೂ ಒಂದೇ ಟ್ರಾಮ್. ಅಜ್ಜನಿಗೆ ಇದು ಹೆಮ್ಮೆಯ ವಿಷಯ, ಶೆಡ್ಡಿನವರಲ್ವಾ.

ಹಳೆಯ ಮನೆಯ ಹೆಸರು ವೆಲ್‌ಬ್ಲೆಖ್‌ಪಲಾಸ್ಟ್. ಅಂದರೆ ಏರಿಳಿತದ ತಗಡಿನ ಅರಮನೆ. ನಮ್ಮಲ್ಲಿ ದನದ ಕೊಟ್ಟಿಗೆಗೆ, ಗೋಡೌನಿಗೆ ಹೊದಿಸುತ್ತಾರಲ್ಲ, ಅದೇ ತಗಡು. ಪ್ರೀತಿಯಿಂದ ‘ವೆಲ್ಲಿ’ ಅಂತಾರೆ. 1960ರ ದಶಕದ ಕಟ್ಟಡ. ನಾಲ್ಕೂವರೆ ಸಾವಿರಕ್ಕೂ ಸ್ವಲ್ಪ ಜಾಸ್ತಿ ಜನ ಹಿಡಿಸುತ್ತಾರೆ, ಅದರಲ್ಲಿ ಕುರ್ಚಿಗಳು ಬಹಳ ಕಡಿಮೆ. ಉಳಿದದ್ದೆಲ್ಲ ನಿಲ್ಲುವ ಮೆಟ್ಟಿಲು. ನಾವು ಹೋದಾಗ ಒಳಗೆ ಏಳೆಂಟು ವರ್ಷದ ಮಕ್ಕಳ ಪ್ರಾಕ್ಟೀಸು. ಹೆಲ್ಮೆಟ್ ತಲೆಗಿಂತ ದೊಡ್ಡದು. ಒದ್ದೆ ಗ್ಲೌಸಿನ ವಾಸನೆ, ಬೆವರು, ರಬ್ಬರ್ ಚಾಪೆ, ಎಲ್ಲ ಸೇರಿ ಹಳೆ ಹಾಸ್ಟೆಲಿನ ಶೂ ರಾಕಿನ ವಾಸನೆ. ಅಪ್ಪ ಅಮ್ಮಂದಿರು ಥರ್ಮಾಸ್ ಹಿಡಿದು ಕೂತಿದ್ದರು. ಅಜ್ಜ ಒಂದು ಕಡೆ ಹೋಗಿ ಮೆಟ್ಟಿಲ ಮೇಲೆ ನಿಂತರು. ‘ಇದು ನನ್ನ ಜಾಗ’ ಅಂದರು. ಕಂಬಿಯ ಬಣ್ಣ ಅಲ್ಲಿ ಸವೆದು ಕಬ್ಬಿಣ ಕಾಣುತ್ತಿತ್ತು. ಎಷ್ಟು ಕೈಗಳು ಹಿಡಿದಿರಬೇಕು.

ಈ ಕಟ್ಟಡ ಇರುವ ಕ್ರೀಡಾ ಸಂಕೀರ್ಣವನ್ನು ಕಟ್ಟಿದ್ದು ದಿನಾಮೋಗಾಗಿ. ದಿನಾಮೋ ಅಂದರೆ ಪೂರ್ವ ಜರ್ಮನಿಯ ಪೊಲೀಸರ, ಗುಪ್ತಚರ ಇಲಾಖೆಯವರ ಕ್ರೀಡಾ ಸಂಘ. 1953ರಲ್ಲಿ ಶುರುವಾಯಿತು. ಅದರ ಅಧ್ಯಕ್ಷ ಎರಿಕ್ ಮೀಲ್ಕೆ. ಈತ 1957ರಿಂದ 1989ರವರೆಗೆ ಷ್ಟಾಸಿಯ ಮಂತ್ರಿ. ಷ್ಟಾಸಿ ಅಂದರೆ ಪಕ್ಕದ ಮನೆಯವರ ಮೇಲೆ ಪಕ್ಕದ ಮನೆಯವರೇ ವರದಿ ಬರೆಯುವ ಹಾಗೆ ಮಾಡಿದ ಗುಪ್ತಚರ ಇಲಾಖೆ. ವೆಲ್ಲಿಯಿಂದ ಸ್ವಲ್ಪ ದೂರದಲ್ಲಿ ಅದರ ಜೈಲಿದೆ, ಈಗ ಸ್ಮಾರಕ. ನಾನು ಅಲ್ಲಿಗೂ ಹೋಗಿದ್ದೇನೆ. ಆ ಕೋಣೆಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಒಂದೇ ಬಡಾವಣೆಯಲ್ಲಿ ಒಂದು ಕಡೆ ಜನ ಕೂಗಿ ಕುಣಿಯುವ ಜಾಗ, ಇನ್ನೊಂದು ಕಡೆ ಉಸಿರೆತ್ತದ ಜಾಗ. ಎರಡಕ್ಕೂ ಯಜಮಾನ ಒಬ್ಬನೇ.

ಹಾಗಾಗಿ ದಿನಾಮೋ ಅನ್ನುವ ಹೆಸರು ಕೇಳಿದರೆ ನನಗೆ ಒಂಥರಾ ಮುಜುಗರ. ಅವತ್ತು ಅಜ್ಜನಿಗೆ ನೇರವಾಗಿ ಕೇಳಿಯೂ ಬಿಟ್ಟೆ. ‘ಮೀಲ್ಕೆ ಇಲ್ಲಿಗೆ ಬರ್ತಿದ್ದನಲ್ಲ, ನಿಮಗೇನೂ ಅನಿಸ್ತಿರಲಿಲ್ವಾ?’

ಅಜ್ಜ ಆಚೆ ಬದಿ ಬೆರಳು ತೋರಿಸಿದರು. ‘ಅವನು ಅಲ್ಲಿ ಕೂರ್ತಿದ್ದ. ನಾವು ಇಲ್ಲಿ ನಿಲ್ತಿದ್ವಿ.’

ಅಷ್ಟೇ ಉತ್ತರ. ಮುಂದೆ ಕೇಳಲು ನನಗೂ ಬಾಯಿ ಬರಲಿಲ್ಲ.

*

ಈಗ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಪ್ರಪಂಚದ ಅತಿ ಚಿಕ್ಕ ಲೀಗ್.

ಪೂರ್ವ ಜರ್ಮನಿಯಲ್ಲಿ ಐಸ್ ಹಾಕಿಯ ಊರು ಅಂದರೆ ಬರ್ಲಿನ್ ಅಲ್ಲ, ವೈಸ್‌ವಾಸರ್. ಪೋಲೆಂಡ್ ಗಡಿಯ ಹತ್ತಿರ ಇರುವ ಸಣ್ಣ ಊರು. ಗಾಜಿನ ಕಾರ್ಖಾನೆ, ಕಂದು ಕಲ್ಲಿದ್ದಲು, ಸುತ್ತ ಪೈನ್ ಕಾಡು. 1932ರಿಂದಲೇ ಅಲ್ಲಿ ಆಟವಿತ್ತು. ಕೆರೆ ಹೆಪ್ಪುಗಟ್ಟಿದರೆ ಅದೇ ಮೈದಾನ. 1951ರಿಂದ 1965ರವರೆಗೆ ಸತತ ಹದಿನೈದು ವರ್ಷ ದೇಶದ ಚಾಂಪಿಯನ್ ಈ ಊರಿನ ತಂಡ. ಗಾಜು ಊದುವವರ ಮಕ್ಕಳು. ಬರ್ಲಿನ್ ಮೊದಲ ಸಲ ಗೆದ್ದಿದ್ದು 1966ರಲ್ಲಿ. ಅದೇ ವರ್ಷ ಯೂಗೊಸ್ಲಾವಿಯಾದ ಲುಬ್ಲಿಯಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೂರ್ವ ಜರ್ಮನಿಗೆ ಐದನೇ ಸ್ಥಾನ, ಯುರೋಪಿನ ತಂಡಗಳ ನಡುವಿನ ಪಂದ್ಯಗಳ ಲೆಕ್ಕದಲ್ಲಿ ಕಂಚು ಬಂತು. ಆಟ ಮೇಲೇಳುತ್ತಿತ್ತು. ಎರ್‌ಫುರ್ಟ್, ರೋಸ್ಟಾಕ್, ಕ್ರಿಮಿಚೌ, ಹೀಗೆ ಎಷ್ಟೋ ಊರುಗಳಲ್ಲಿ ತಂಡಗಳಿದ್ದವು.

ಆಮೇಲೆ ಸರ್ಕಾರ ಪೆನ್ನು ಪೇಪರ್ ಹಿಡಿದು ಕೂತಿತು. 1972ರ ಒಲಿಂಪಿಕ್ಸ್‌ಗೆ ಪೂರ್ವ ಜರ್ಮನಿ ತನ್ನದೇ ಬಾವುಟ, ತನ್ನದೇ ರಾಷ್ಟ್ರಗೀತೆಯ ಜೊತೆ ಹೋಗುವುದಿತ್ತು. ಪದಕ ಬೇಕು, ಎಷ್ಟು ಸಾಧ್ಯವೋ ಅಷ್ಟು. ಲೆಕ್ಕ ಸುಲಭ. ಒಬ್ಬ ಈಜುಗಾರ್ತಿ ಮೂರು ನಾಲ್ಕು ಪದಕ ತರಬಹುದು. ಐಸ್ ಹಾಕಿಗೆ ಇಪ್ಪತ್ತು ಜನ, ವಿದೇಶಿ ಹಣ ಕೊಟ್ಟು ತರಿಸುವ ಸ್ಟಿಕ್ಕು, ಸ್ಕೇಟ್ಸು, ಇಷ್ಟೆಲ್ಲ ಮಾಡಿ ಸಿಗುವುದು ಒಂದೇ ಪದಕ. ಅದೂ ಸೋವಿಯತ್ ತಂಡ, ಚೆಕೊಸ್ಲೊವಾಕಿಯಾ ತಂಡ ಎದುರಿಗಿದ್ದರೆ ಸಿಗುವುದೇ ಇಲ್ಲ. 1969ರಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷ ತೀರ್ಮಾನ ಮಾಡಿತು. ಬ್ಯಾಸ್ಕೆಟ್‌ಬಾಲ್, ವಾಟರ್ ಪೋಲೋ, ಮೈದಾನದ ಹಾಕಿ, ಟೆನಿಸ್, ಐಸ್ ಹಾಕಿ, ಇವಕ್ಕೆಲ್ಲ ಇನ್ನು ದುಡ್ಡಿಲ್ಲ. ಅಂಗಡಿಯಲ್ಲಿ ಓಡದ ಸರಕನ್ನು ಕಪಾಟಿನಿಂದ ತೆಗೆದ ಹಾಗೆ ತೆಗೆದರು. 1970ರಿಂದ ಜಾರಿ.

ಐಸ್ ಹಾಕಿ ಪೂರ್ತಿ ಸಾಯಲಿಲ್ಲ. ಕಾರಣ ಮೀಲ್ಕೆ. ಅವನಿಗೆ ಈ ಆಟದ ಹುಚ್ಚು. ತನ್ನ ಸಂಘದ ಎರಡು ತಂಡಗಳನ್ನು ಉಳಿಸಿಕೊಂಡ. ದಿನಾಮೋ ಬರ್ಲಿನ್, ದಿನಾಮೋ ವೈಸ್‌ವಾಸರ್. ಉಳಿದ ಊರುಗಳ ತಂಡಗಳಿಗೆ ಬಾಗಿಲು ಹಾಕಿತು. ಅಲ್ಲಿನವರು ಕೆಲಸ ಮುಗಿಸಿ ಸಂಜೆ ತಾವೇ ಐಸ್ ಮಾಡಿಕೊಂಡು, ಹಳೆ ಸಾಮಾನು ರಿಪೇರಿ ಮಾಡಿಕೊಂಡು ಆಡುತ್ತಿದ್ದರು. ಅವರ ಟೂರ್ನಿಯನ್ನು ಚಾಂಪಿಯನ್‌ಶಿಪ್ ಅಂತ ಕರೆಯುವ ಹಾಗೂ ಇರಲಿಲ್ಲ. ‘ಉತ್ತಮರ ಆಯ್ಕೆ’ ಅನ್ನುವ ಅರ್ಥದ ಒಂದು ಸರ್ಕಾರಿ ಹೆಸರು ಕೊಟ್ಟಿದ್ದರು.

ಹಾಗೆ ಇಪ್ಪತ್ತು ವರ್ಷ ಒಂದು ದೇಶದ ರಾಷ್ಟ್ರೀಯ ಲೀಗ್‌ನಲ್ಲಿ ಇದ್ದಿದ್ದು ಎರಡೇ ತಂಡ. ಯೋಚನೆ ಮಾಡಿ. ಪಾಯಿಂಟ್ಸ್ ಟೇಬಲ್‌ನಲ್ಲಿ ಎರಡೇ ಸಾಲು. ಸೋತರೆ ಕೊನೆಯ ಸ್ಥಾನ, ಅದೇ ಎರಡನೇ ಸ್ಥಾನವೂ ಹೌದು. ಈ ವಾರ ಬರ್ಲಿನ್‌ನಲ್ಲಿ ಆಡು, ಮುಂದಿನ ವಾರ ವೈಸ್‌ವಾಸರ್‌ಗೆ ಹೋಗು, ಮತ್ತೆ ಅವರೇ ಬರುತ್ತಾರೆ. ಜನಕ್ಕೆ ಬೇಜಾರಾಗಬಾರದು ಅಂತ ನಿಯಮ ಬದಲಿಸುತ್ತಲೇ ಇದ್ದರು. ಎದುರಾಳಿ ಗೋಲಿ ಯಾವ ಮೊಣಕಾಲು ನಿಧಾನವಾಗಿ ಮಡಚುತ್ತಾನೆ, ಯಾರಿಗೆ ಯಾವ ಮಾತು ಅಂದರೆ ಸಿಟ್ಟು ಬರುತ್ತದೆ, ಎಲ್ಲ ಗೊತ್ತು. ಮೇಲಾಗಿ ರಾಷ್ಟ್ರೀಯ ತಂಡ ಅಂದಾಗ ಇವರೂ ಅವರೂ ಸೇರಿ ಒಂದೇ ಜೆರ್ಸಿ ಹಾಕಿಕೊಳ್ಳಬೇಕು. ನಿನ್ನೆ ಹಲಗೆಗೆ ಒತ್ತಿ ಪಕ್ಕೆಲುಬು ಮುರಿದವನ ಜೊತೆ ಇವತ್ತು ಒಂದೇ ರೂಮು.

ಆಶ್ಚರ್ಯ ಏನೆಂದರೆ ಇಷ್ಟು ಸಣ್ಣ ಬಾವಿಯಿಂದ ಸೇದಿದ ನೀರು ಸಾಕಾಗುತ್ತಿತ್ತು. 1983 ಮತ್ತು 1985ರಲ್ಲೂ ಈ ದೇಶ ವಿಶ್ವ ಚಾಂಪಿಯನ್‌ಶಿಪ್‌ನ ಮೇಲಿನ ಗುಂಪಿನಲ್ಲಿ ಆಡಿತು. ಎರಡು ತಂಡ, ಐವತ್ತು ಚಿಲ್ಲರೆ ಆಟಗಾರರು, ಅಷ್ಟರಲ್ಲಿ.

ಈ ಕಾಲದ ದೊಡ್ಡ ಹೆಸರು ಯೋಆಖಿಮ್ ಸೀಶೆ. 1939ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದವರು. ಬರ್ಲಿನ್ ತಂಡದಲ್ಲಿ ಆಡಿದರು, 1970ರ ನಂತರ ಕೋಚ್ ಆಗಿ ಅದನ್ನು ಬೆಳೆಸಿದರು. 1999ರಲ್ಲಿ ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ರಕ್ಷಣೆಯಲ್ಲಿ ಡೀಟರ್ ಫ್ರೆನ್ಸೆಲ್, ಡೀಟ್‌ಮಾರ್ ಪೀಟರ್ಸ್. ಅಜ್ಜನಿಗೆ ಪೀಟರ್ಸ್ ಅಂದರೆ ಮುಗೀತು, ಈಗಲೂ ಎರಡು ಕೈಯಲ್ಲಿ ಗಾಳಿಯಲ್ಲೇ ಸ್ಟಿಕ್ ಹಿಡಿದು ತೋರಿಸುತ್ತಾರೆ.

ನನಗೆ ಇಷ್ಟವಾದವರು ಬೇರೆ, ಹಾರ್ಟ್‌ಮುಟ್ ನಿಕೆಲ್. ಹುಟ್ಟಿದ್ದು ವೈಸ್‌ವಾಸರ್‌ನಲ್ಲಿ. ಆಡಿದ್ದು ಬರ್ಲಿನ್‌ಗೆ. ತವರು ಅಲ್ಲಿ, ಮನೆ ಇಲ್ಲಿ. ಆಟಗಾರ, ಕೋಚ್, ಅಸಿಸ್ಟೆಂಟ್ ಕೋಚ್, ಹೀಗೆ ಕುರ್ಚಿ ಬದಲಾದರೂ ದಶಕಗಟ್ಟಲೆ ಒಂದೇ ತಂಡದಲ್ಲಿದ್ದರು. ದೇಶ ಬದಲಾಯಿತು, ಹೆಸರು ಬದಲಾಯಿತು, ಮಾಲೀಕರು ಬದಲಾದರು, ವಿದೇಶಿ ಹೆಡ್ ಕೋಚುಗಳು ಬಂದು ಹೋದರು. ನಿಕೆಲ್ ಬೆಂಚಿನ ಹಿಂದೆ ನಿಂತೇ ಇದ್ದರು. ತಂಡದ ಇತಿಹಾಸ ಬರೆಯುವವರು ಇಂಥವರ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅದು ಸರಿಯಲ್ಲ ಅಂತ ನನ್ನ ತಕರಾರು.

ಎಲ್ಲ ಮುಗಿದಾಗ ಲೆಕ್ಕ ಹೀಗಿತ್ತು. 1951ರಿಂದ 1990ರವರೆಗಿನ ಪೂರ್ವ ಜರ್ಮನಿಯ 40 ಚಾಂಪಿಯನ್‌ಶಿಪ್‌ಗಳಲ್ಲಿ ವೈಸ್‌ವಾಸರ್‌ಗೆ 25, ಬರ್ಲಿನ್‌ಗೆ 15. ಮೂರನೆಯವರಿಗೆ ಸೊನ್ನೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

*

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ಬಿತ್ತು. ಮರುವರ್ಷ ಎರಡೂ ತಂಡಗಳನ್ನು ಪಶ್ಚಿಮದ ಮೇಲ್ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾಗೆ ಸೇರಿಸಿಕೊಂಡರು. ಇಪ್ಪತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಡಿದವರಿಗೆ ಒಮ್ಮೆಗೇ ಕೊಲೋನ್, ಡ್ಯುಸೆಲ್‌ಡಾರ್ಫ್, ಮಾನ್‌ಹೈಮ್ ಎದುರು. ಬರ್ಲಿನ್ ಮೊದಲ ಸೀಸನ್‌ನಲ್ಲೇ ಕೆಳಗಿನ ಲೀಗ್‌ಗೆ ಇಳಿಯಿತು, 1992ರಲ್ಲಿ ವಾಪಸ್ ಬಂತು. ಅದೇ ವರ್ಷ ಹೆಸರೂ ಬದಲಾಯಿತು. ದಿನಾಮೋ ಹೋಯಿತು, ಹಿಮಕರಡಿಗಳು ಬಂದವು. ಬರ್ಲಿನ್ ನಗರದ ಲಾಂಛನವೇ ಕರಡಿ, ಐಸ್ ಮೇಲೆ ಬಿಟ್ಟರೆ ಹಿಮಕರಡಿ. ಹೆಸರಿಟ್ಟವರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವ ಕೆಲಸ ಇರಲಿಲ್ಲ ಅನಿಸುತ್ತೆ.

ಷ್ಟಾಸಿಯ ಹೆಸರು ಅಂಟಿದ ತಂಡಕ್ಕೆ ಯಾರು ದುಡ್ಡು ಹಾಕುತ್ತಾರೆ? ಹೆಸರು ಬದಲಿಸಲೇಬೇಕಿತ್ತು. ಆದರೆ ಹೆಸರು ಬದಲಿಸಿದ್ದು ಕಾಗದದ ಮೇಲೆ. ಮೆಟ್ಟಿಲ ಮೇಲೆ ನಿಂತವರ ಬಾಯಲ್ಲಿ ಬದಲಾಗಲಿಲ್ಲ. ಬೆಂಗಳೂರಲ್ಲಿ ಬೋರ್ಡಿನ ಮೇಲೆ ಏನೇ ಇರಲಿ, ಕಂಡಕ್ಟರ್ ಮಾತ್ರ ‘ಮೆಜೆಸ್ಟಿಕ್ ಮೆಜೆಸ್ಟಿಕ್’ ಅಂತಾನಲ್ಲ, ಹಾಗೆ. ತೊಂಬತ್ತರ ದಶಕದಲ್ಲಿ ಪೂರ್ವದ ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿದವು. ತಿಂಡಿಯ ಬ್ರ್ಯಾಂಡಿನಿಂದ ಹಿಡಿದು ರಸ್ತೆ ಹೆಸರಿನವರೆಗೆ ಎಲ್ಲ ಹೋಯಿತು. ತಮ್ಮದು ಅಂತ ಉಳಿದದ್ದು ಕಡಿಮೆ. ತಗಡಿನ ಅರಮನೆ ಉಳಿದಿತ್ತು. ‘ಓಸ್ಟ್, ಓಸ್ಟ್, ಓಸ್ಟ್‌ಬೆರ್ಲೀನ್’ ಅಂತ, ಅಂದರೆ ‘ಪೂರ್ವ ಬರ್ಲಿನ್’ ಅಂತ ಅಲ್ಲಿ ನಿಂತು ಕೂಗಬಹುದಿತ್ತು. ಪೂರ್ವದವರ ಮೆಚ್ಚಿನ ರಾಕ್ ತಂಡ ಪೂಡೀಸ್ ಈ ಕ್ಲಬ್ಬಿಗಾಗಿ ಹಾಡನ್ನೂ ಮಾಡಿಕೊಟ್ಟಿತು. ಈಗಲೂ ಅದು ಬಂದರೆ ಅರೀನಾ ಪೂರ್ತಿ ಹಾಡುತ್ತದೆ. ಪಶ್ಚಿಮ ಬರ್ಲಿನ್‌ನ ತಂಡ ಪ್ರಾಯ್ಸೆನ್, ಮುಂದೆ ಕ್ಯಾಪಿಟಲ್ಸ್ ಅಂತ ಹೆಸರಾಗಿದ್ದು, 2002ರಲ್ಲಿ ದಿವಾಳಿಯಾಗಿ ಹೋಯಿತು. ಶ್ರೀಮಂತ ಭಾಗದ ತಂಡ ಮುಳುಗಿ ತಗಡಿನ ತಂಡ ತೇಲಿದ್ದು ಹೇಗೆ?

ಉತ್ತರದಲ್ಲಿ ಅರ್ಧ ಭಾಗ ದುಡ್ಡು. 1999ರಲ್ಲಿ ಅಮೆರಿಕದ ಕೋಟ್ಯಧಿಪತಿ ಫಿಲಿಪ್ ಆನ್ಶುಟ್ಸ್ ಅವರ ಕಂಪನಿ ಕ್ಲಬ್ಬನ್ನು ಕೊಂಡುಕೊಂಡಿತು. ಲಾಸ್ ಏಂಜಲೀಸ್ ಕಿಂಗ್ಸ್ ಅನ್ನುವ ಐಸ್ ಹಾಕಿ ತಂಡವೂ ಅವರದೇ. ಷ್ಟಾಸಿ ಮಂತ್ರಿಯ ಮುದ್ದಿನ ತಂಡ ಅಮೆರಿಕದ ಬಂಡವಾಳಶಾಹಿಯ ಕೈಗೆ. ಕಥೆಗಾರ ಬರೆದಿದ್ದರೆ ‘ಸ್ವಲ್ಪ ಜಾಸ್ತಿ ಆಯ್ತು ಮಾರಾಯ’ ಅನ್ನುತ್ತಿದ್ದೆವು.

ಇನ್ನರ್ಧ ಭಾಗ ಹುಡುಗರು. 1995ರ ಕೊನೆಯಲ್ಲಿ ಯುರೋಪಿನ ನ್ಯಾಯಾಲಯ ಬಾಸ್‌ಮನ್ ಅನ್ನುವ ಫುಟ್‌ಬಾಲ್ ಆಟಗಾರನ ಕೇಸಿನಲ್ಲಿ, ಯುರೋಪ್ ಒಕ್ಕೂಟದ ಆಟಗಾರರ ಸಂಖ್ಯೆಗೆ ಮಿತಿ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟ ಮೇಲೆ ಜರ್ಮನ್ ತಂಡಗಳು ಹೊರಗಿನವರನ್ನು ತುಂಬಿಕೊಂಡವು. ಬರ್ಲಿನ್ ಅದರಲ್ಲಿ ಮುಂದೆ. 1998ರಲ್ಲಿ ಫೈನಲ್‌ವರೆಗೂ ಹೋಗಿ ಮಾನ್‌ಹೈಮ್‌ಗೆ ಸೋತರು. 2002ರಲ್ಲಿ ಬಂದ ಕೆನಡಾದ ಕೋಚ್ ಪಿಯೆರ್ ಪಾಜೆ ಮಾತ್ರ ವೆಲ್ಲಿಯಲ್ಲೇ ಬೆಳೆಯುತ್ತಿದ್ದ ಹುಡುಗರನ್ನು ಐಸ್ ಮೇಲೆ ಬಿಟ್ಟರು. ಫ್ಲೋರಿಯಾನ್ ಬುಶ್, ಫ್ರಾಂಕ್ ಹೋರ್ಡ್ಲರ್, ಆಂದ್ರೆ ರಾಂಕೆಲ್, ಯೆನ್ಸ್ ಬಾಕ್ಸ್‌ಮನ್. ನಾಲ್ವರೂ 1985ರಲ್ಲಿ ಹುಟ್ಟಿದವರು. ಗೋಡೆ ಬಿದ್ದಾಗ ನಾಲ್ಕು ವರ್ಷ. 2005ರಲ್ಲಿ ಮಾನ್‌ಹೈಮ್‌ ಅನ್ನು ಫೈನಲ್ ಸರಣಿಯಲ್ಲಿ 3–0 ಸೋಲಿಸಿ ಒಂದಾದ ಜರ್ಮನಿಯಲ್ಲಿ ತಂಡದ ಮೊದಲ ಕಪ್ ಗೆದ್ದಾಗ ಇವರಿಗೆ ಹೆಚ್ಚುಕಡಿಮೆ ಇಪ್ಪತ್ತು. ಆಗಲೂ ಮನೆ ತಗಡಿನ ಅರಮನೆಯೇ.

ಇವರಿಗೆಲ್ಲ ಅಣ್ಣ ಸ್ವೆನ್ ಫೆಲ್ಸ್ಕಿ. 1974ರಲ್ಲಿ ಪೂರ್ವ ಬರ್ಲಿನ್‌ನಲ್ಲಿ ಹುಟ್ಟಿ, ದಿನಾಮೋದಲ್ಲೇ ಆಟ ಕಲಿತು, 2012ರವರೆಗೆ ಇದೊಂದೇ ಕ್ಲಬ್ಬಿಗೆ ಆಡಿದ. ಸಾವಿರ ಪಂದ್ಯ. ತೊಂಬತ್ತರ ದಶಕದಲ್ಲಿ ಸೋತು ಸೋತು ಸುಣ್ಣವಾದ ತಂಡದಲ್ಲಿಯೂ ಇದ್ದ, ಕಪ್ ಮೇಲೆ ಕಪ್ ಗೆದ್ದ ತಂಡದಲ್ಲಿಯೂ ಇದ್ದ. ಅವನ 11ನೇ ನಂಬರ್ ಇನ್ನು ಯಾರಿಗೂ ಕೊಡುವುದಿಲ್ಲ. ಜೆರ್ಸಿ ಚಾವಣಿಯಿಂದ ನೇತಾಡುತ್ತಿದೆ. ಪಕ್ಕದಲ್ಲೇ ಮಾರ್ಕ್ ಬೋಫೇಯ 19, ಸ್ಟೀವ್ ವಾಕರ್‌ನ 27. ಇಬ್ಬರೂ ಸಮುದ್ರದಾಚೆಯಿಂದ ಬಂದು ಇಲ್ಲಿಯವರೇ ಆದವರು.

*

2008ರ ಸೆಪ್ಟೆಂಬರ್‌ನಲ್ಲಿ ಹೊಸ ಅರೀನಾಕ್ಕೆ ಹೋದರು. 14,200 ಜನ ಹಿಡಿಸುವ ಜಾಗ. ಮೊದಲ ಪಂದ್ಯದಲ್ಲೇ ಔಗ್ಸ್‌ಬುರ್ಗ್ ತಂಡವನ್ನು 11–0 ಚಚ್ಚಿದರು. ಆಗ ಅದರ ಹೆಸರು ಒಂದು ಫೋನ್ ಕಂಪನಿಯದು, ಆಮೇಲೆ ಕಾರ್ ಕಂಪನಿಯದು, ಈಗ ಟ್ಯಾಕ್ಸಿ ಆ್ಯಪ್‌ನದು. ಅಜ್ಜ ಯಾವ ಹೆಸರನ್ನೂ ಹೇಳುವುದಿಲ್ಲ. ‘ಕೆಳಗಿನ ಹಾಲ್’ ಅಂತಾರೆ.

ಅರೀನಾದ ಎದುರಿಗೇ ಬರ್ಲಿನ್ ಗೋಡೆಯ ಉಳಿದ ತುಂಡಿದೆ, ಚಿತ್ರ ಬರೆದದ್ದು, ಪ್ರವಾಸಿಗರು ಸಾಲುಗಟ್ಟುವ ಜಾಗ. ಅದರ ನಡುವೆ ಒಂದು ಖಾಲಿ ಕಿಂಡಿ, ನಲವತ್ತು ಮೀಟರಿಗೂ ಅಗಲ. ಅರೀನಾದಿಂದ ನದಿ ಕಾಣಲಿ, ದೋಣಿ ನಿಲ್ಲಲು ಜಾಗ ಇರಲಿ ಅಂತ ಆ ಭಾಗವನ್ನು ಕಿತ್ತು ಪಕ್ಕಕ್ಕೆ ಇಟ್ಟರು. ಯಾರನ್ನೂ ದಾಟಲು ಬಿಡದ ಗೋಡೆ, ಹಿಮಕರಡಿಗಳ ಮನೆಗೆ ನದಿ ನೋಟ ಬೇಕು ಅಂದಾಗ ಸರಿದುಕೊಂಡಿತು. ನಾನು ಪ್ರತಿ ಸಲ ಪಂದ್ಯಕ್ಕೆ ಮುಂಚೆ ಆ ಕಿಂಡಿಯಲ್ಲಿ ಎರಡು ನಿಮಿಷ ನಿಲ್ಲುತ್ತೇನೆ. ಚಳಿಗೆ ಕಿವಿ ಉರಿಯುತ್ತದೆ, ಆದರೂ.

ಅದು ಗೆಲುವಿನ ಕಾಲ. 2006ರಲ್ಲಿ ಎರಡನೇ ಕಪ್ ಬಂದಿತ್ತು. ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ, ಎಡ್ಮಂಟನ್ ಆಯ್ಲರ್ಸ್‌ಗೆ ಆಡಿ ಅಲ್ಲಿನ ಸ್ಟಾನ್ಲಿ ಕಪ್ ಗೆದ್ದಿದ್ದ ಡಾನ್ ಜಾಕ್ಸನ್ ಕೋಚ್ ಆದ ಮೇಲೆ 2008, 2009, 2011, 2012, 2013. ಇದರಲ್ಲಿ 2012ರದ್ದನ್ನು ಅಜ್ಜ ಎಷ್ಟು ಸಲ ಹೇಳಿದ್ದಾರೋ. ಫೈನಲ್‌ನ ನಾಲ್ಕನೇ ಪಂದ್ಯ ಮಾನ್‌ಹೈಮ್‌ನಲ್ಲಿ. ಮಾನ್‌ಹೈಮ್‌ನವರು ಗೆದ್ದರೆ ಕಪ್ ಅವರದು. 5–2 ಮುಂದಿದ್ದರು. ಅಜ್ಜ ಟಿವಿ ಆಫ್ ಮಾಡಿ ಬಾಲ್ಕನಿಗೆ ಹೋಗಿ ಸಿಗರೇಟ್ ಹಚ್ಚಿದರಂತೆ. ಪಕ್ಕದ ಮನೆಯಿಂದ ಕೂಗು ಕೇಳಿತು. ಮತ್ತೆ ಕೇಳಿತು. ಮೂರನೆಯದಕ್ಕೆ ಸಿಗರೇಟ್ ಬಿಸಾಡಿ ಒಳಗೆ ಓಡಿದರು. 5–5. ಓವರ್‌ಟೈಮ್‌ನಲ್ಲಿ 6–5. ಐದನೇ ಪಂದ್ಯ ಬರ್ಲಿನ್‌ನಲ್ಲಿ, ಅದನ್ನೂ ಗೆದ್ದರು. ‘ಅವತ್ತಿಂದ ಟಿವಿ ಆಫ್ ಮಾಡೋದಿಲ್ಲ, ಸಿಗರೇಟೂ ಇಲ್ಲ’ ಅಂತಾರೆ. ಎರಡನೆಯದು ಸುಳ್ಳು, ಮೆಟ್ಟಿಲ ಹತ್ತಿರ ವಾಸನೆ ಬರುತ್ತದೆ.

ಆ ವರ್ಷಗಳ ಗೋಲಿ ರಾಬ್ ಜೆಪ್. ಕೆನಡಾದವನು. ಬರ್ಲಿನ್‌ನಲ್ಲಿ ಐದು ಕಪ್ ಗೆದ್ದು, 33ನೇ ವಯಸ್ಸಿನಲ್ಲಿ ವಾಪಸ್ ಹೋಗಿ ಫಿಲಡೆಲ್ಫಿಯಾ ಫ್ಲೈಯರ್ಸ್‌ಗೆ ತನ್ನ ಮೊದಲ ಎನ್‌ಎಚ್‌ಎಲ್ ಪಂದ್ಯ ಆಡಿ ಗೆದ್ದ. ಎಲ್ಲರೂ ‘ವಯಸ್ಸಾಯ್ತು’ ಅನ್ನುವ ಹೊತ್ತಿಗೆ. ಅದಕ್ಕೂ ಮುಂಚೆ, 2012ರ ಶರತ್ಕಾಲದಲ್ಲಿ ಮಾಲೀಕರು, ಆಟಗಾರರ ಜಗಳದಲ್ಲಿ ಎನ್‌ಎಚ್‌ಎಲ್ ಬೀಗ ಹಾಕಿಕೊಂಡಾಗ, ಅದೇ ಫಿಲಡೆಲ್ಫಿಯಾದಿಂದ ಕ್ಲೋಡ್ ಜಿರೂ, ಡ್ಯಾನಿಯಲ್ ಬ್ರಿಯೇರ್ ಬಂದು ಇಲ್ಲಿ ಆಡಿಹೋಗಿದ್ದರು. ಹೋಹೆನ್‌ಶೋನ್‌ಹೌಸೆನ್‌ನ ಮಕ್ಕಳಿಗೆ ಹಬ್ಬ.

2018ರ ಒಲಿಂಪಿಕ್ಸ್ ಫೈನಲ್ ನೆನಪಿದೆಯಾ? ದಕ್ಷಿಣ ಕೊರಿಯಾದಲ್ಲಿ ರಷ್ಯಾದವರ ಎದುರು ಜರ್ಮನಿ. ಆಟ ಮುಗಿಯಲು ಮೂರು ನಿಮಿಷ ಚಿಲ್ಲರೆ ಇದ್ದಾಗ ಜರ್ಮನಿಯನ್ನು 3–2 ಮುಂದೆ ತಂದವನು ಯೋನಾಸ್ ಮ್ಯುಲರ್, ಬರ್ಲಿನ್ ಹುಡುಗ, ಹಿಮಕರಡಿ. ಒಂದು ನಿಮಿಷವೂ ಉಳಿಯದಿದ್ದಾಗ ರಷ್ಯಾದವರು ಸಮ ಮಾಡಿದರು, ಓವರ್‌ಟೈಮ್‌ನಲ್ಲಿ ಚಿನ್ನ ಹೋಯಿತು. ಬೆಳ್ಳಿ ಬಂತು. ಆ ತಂಡದಲ್ಲಿ ಹೋರ್ಡ್ಲರ್ ಕೂಡ ಇದ್ದ. ಅವನು ಹುಟ್ಟಿದ್ದು ಬಾಡ್ ಮುಸ್ಕಾವ್‌ನಲ್ಲಿ, ವೈಸ್‌ವಾಸರ್‌ನ ಪಕ್ಕದ ಊರು. ಬರ್ಲಿನ್‌ ಜೊತೆ ಒಂಬತ್ತು ಕಪ್ ಗೆದ್ದ. ನಿಕೆಲ್ ನಡೆದ ದಾರಿಯಲ್ಲೇ ಇವನೂ ನಡೆದು ಬಂದಿದ್ದ.

ಜಾಕ್ಸನ್ ಹೋದ ಮೇಲೆ ಎಂಟು ವರ್ಷ ಕಪ್ ಇಲ್ಲ. ಆಮೇಲೆ ಸರ್ಜ್ ಓಬಾಂ ಕೈಯಲ್ಲಿ 2021, 2022. ಮರುವರ್ಷವೇ ಪ್ಲೇಆಫ್‌ಗೂ ಬರಲಿಲ್ಲ. 2024ರಲ್ಲಿ ಮತ್ತೆ ಕಪ್. ಈ ತಂಡ ಹೀಗೇ, ಹೃದಯದ ಕಾಯಿಲೆ ಇದ್ದವರು ನೋಡಬಾರದು.

2024ರ ತಂಡದಲ್ಲಿ ಟೋಬಿಯಾಸ್ ಏಡರ್ ಅನ್ನುವ ಹುಡುಗನಿದ್ದ. ಬವೇರಿಯಾದವನು, 2023ರಲ್ಲಿ ಡ್ಯುಸೆಲ್‌ಡಾರ್ಫ್‌ನಿಂದ ಬಂದವನು, 22ನೇ ನಂಬರ್. ಆ ಬೇಸಿಗೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. 2025ರ ಜನವರಿ 29ರಂದು ಹೋದ. 26 ವರ್ಷ. ಆಮೇಲೆ ನಡೆದ ಪಂದ್ಯಕ್ಕೆ ನಾವಿಬ್ಬರೂ ಹೋಗಿದ್ದೆವು. 14 ಸಾವಿರ ಜನ ಸುಮ್ಮನಿದ್ದರೆ ಚಾವಣಿಯ ಫ್ಯಾನ್ ತಿರುಗುವ ಸದ್ದು ಕೇಳುತ್ತದೆ. ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು, ಆಟ ಶುರುವಾಗಿ ಎಷ್ಟೋ ಹೊತ್ತು ಹಾಕಿಕೊಳ್ಳಲಿಲ್ಲ. ಆ ವಸಂತದಲ್ಲಿ ತಂಡ ಕೊಲೋನ್ ಅನ್ನು ಸೋಲಿಸಿ ಹನ್ನೊಂದನೇ ಕಪ್ ಗೆದ್ದಿತು. ಕಪ್ ಜೊತೆ 22ರ ಜೆರ್ಸಿಯೂ ಇತ್ತು.

*

ಕಳೆದ ನವೆಂಬರ್‌ನಲ್ಲಿ ಅಜ್ಜನ ಜೊತೆ ವೈಸ್‌ವಾಸರ್‌ಗೆ ಹೋಗಿದ್ದೆ. ಕಾಟ್‌ಬುಸ್‌ವರೆಗೆ ಒಂದು ರೈಲು, ಅಲ್ಲಿಂದ ಇನ್ನೊಂದು ಚಿಕ್ಕ ರೈಲು. ಕಿಟಕಿಯಾಚೆ ಕಾಡು, ಕಾಡು, ಕಾಡು. ಪೂರ್ವ ಜರ್ಮನಿ ಇದ್ದಾಗ 37 ಸಾವಿರ ಜನರಿದ್ದ ಊರು, ಈಗ ಅದರ ಅರ್ಧವೂ ಇಲ್ಲ. ಗಾಜಿನ ಕಾರ್ಖಾನೆಗಳ ಕಿಟಕಿಗಳಲ್ಲೇ ಗಾಜಿಲ್ಲ. ತಂಡದ ಹೆಸರು ಈಗ ಲೌಸಿಟ್ಸರ್ ಫ್ಯುಕ್ಸೆ, ಲೌಸಿಟ್ಸ್ ಸೀಮೆಯ ನರಿಗಳು. ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಾರೆ. ಬರ್ಲಿನ್‌ನ ಎಳೆಯ ಆಟಗಾರರು ಪಳಗಲು ಇಲ್ಲಿಗೆ ಬರುತ್ತಾರೆ, ಎರಡೂ ಕ್ಲಬ್ಬುಗಳ ನಡುವೆ ಒಪ್ಪಂದವಿದೆ. ಅಷ್ಟು ವರ್ಷ ಹೊಡೆದಾಡಿದವರು ಈಗ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಾರೆ.

ಹೊಸ ಐಸ್ ಅರೀನಾ, ಬೆಚ್ಚಗಿಲ್ಲ. ಅಜ್ಜನ ಹಳೆಯ ಗೆಳೆಯರೊಬ್ಬರು ಗೇಟಿನ ಹತ್ತಿರ ಕಾಯುತ್ತಿದ್ದರು. ಗಾಜಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಎಪ್ಪತ್ತರ ದಶಕದಲ್ಲಿ ಇದೇ ಊರಿನಲ್ಲಿ, ಒಂದು ಪಂದ್ಯ ಮುಗಿದ ಮೇಲೆ ಜಗಳವಾಡಿ ಪರಿಚಯವಾದವರಂತೆ. ಇಬ್ಬರೂ ತಬ್ಬಿಕೊಂಡರು. ಸಾಸೇಜ್ ತಿಂದೆವು, ಬಿಸಿ ವೈನ್ ಕುಡಿದೆವು. ಎರಡನೇ ಭಾಗ ಮುಗಿದಾಗ ಅಜ್ಜ ಜೇಬಿನಿಂದ ಒಂದು ಚೀಟಿ ತೆಗೆದರು. ರೈಲಿನಲ್ಲೇ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು.

‘ನೋಡಪ್ಪ’ ಅಂದರು. ‘ಅವತ್ತಿನ ಕಾಲದಲ್ಲಿ ನಮ್ಮದು ಹದಿನೈದು. ಈಗ ಹನ್ನೊಂದು. ಒಟ್ಟು ಇಪ್ಪತ್ತಾರು. ನಿಮ್ಮದು ಇಪ್ಪತ್ತೈದು.’

ಗೆಳೆಯರು ಚೀಟಿ ತೆಗೆದುಕೊಂಡು ಕನ್ನಡಕ ಮೇಲೇರಿಸಿ ನೋಡಿದರು. ನಿಧಾನವಾಗಿ ಮಡಚಿ ವಾಪಸ್ ಕೊಟ್ಟರು.

‘ಆ ಹನ್ನೊಂದು ಲೆಕ್ಕಕ್ಕಿಲ್ಲ’ ಅಂದರು. ‘ಅದರಲ್ಲಿ ಒಂದನ್ನೂ ನಮ್ಮನ್ನು ಸೋಲಿಸಿ ಗೆದ್ದಿಲ್ಲವಲ್ಲ.’

ಅಷ್ಟರಲ್ಲಿ ಆಟಗಾರರು ಐಸ್ ಮೇಲೆ ಬಂದರು. ಮೂರನೇ ಭಾಗಕ್ಕೆ ನಾವು ಮೂವರೂ ಕಂಬಿ ಹಿಡಿದು ನಿಂತೆವು. ಮೊದಲು ಕೂಗಿದ್ದು ಗಾಜಿನ ಅಜ್ಜ. ನಮ್ಮ ಅಜ್ಜನೂ ದನಿಗೂಡಿಸಿದರು. ‘ದಿನಾಮೋ!’